ಮಹಡಿ ಮೆಟ್ಟಿಲು ಇಳಿದು ಬರೋರು ಯಾರು?



ಹೋದ ಮೂರು ವಾರ ಈ ಪುಟದಿಂದ ನಾನು ನಾಪತ್ತೆ. ‘ಅಂಕಣದ ಮಹಾಶಯ ಬದುಕಿದ್ದಾನೋ ಇಲ್ಲವೋ’ ಅಂತ ಹಾಸನದ ಅಭಿಮಾನಿಯೊಬ್ಬರು ಕಾರ್ಡು ಹಾಕಿದ್ದಾರೆ. ಬದುಕಿದ್ದೇನೆ ಸ್ವಾಮಿ. ತಲೆತುಂಬಾ ಸುಣ್ಣದ ಧೂಳು, ಕೈತುಂಬಾ ಬೊಬ್ಬೆ, ಅಷ್ಟೆ. ಕೆ.ಆರ್. ನಗರದ ಕಡೆ ನಮ್ಮೂರಿನಲ್ಲಿ ಅಪ್ಪ ಬಿಟ್ಟುಹೋದ ತೊಟ್ಟಿಮನೆ ಇದೆಯಲ್ಲ, ಅದನ್ನು ರಿಪೇರಿಗೆ ಎತ್ತಿಕೊಂಡಿದ್ದೆವು. ಹಾಗಾಗಿ ಈ ವಾರ ತಾರೆಯರ ಸುದ್ದಿ ಇಲ್ಲ. ಕೋಪ ಬೇಡ, ಸಿನಿಮಾ ಇದ್ದೇ ಇದೆ. ಯಾಕಂದ್ರೆ ಆ ಮನೆಯನ್ನು ಹಾಳು ಮಾಡೋಕೆ ಮೊದಲು ಹೊರಟಿದ್ದೇ ನನ್ನ ತಲೆಯೊಳಗಿನ ಸಿನಿಮಾ!

1980ರ ದಶಕದಲ್ಲಿ ನಾನು ಕಲಾ ವಿಭಾಗದಲ್ಲಿ ಸಹಾಯಕನಾಗಿದ್ದದ್ದು ಈ ಪುಟದ ಹಳೆಯ ಓದುಗರಿಗೆ ಗೊತ್ತು. ಎಷ್ಟು ಮನೆ ಕಟ್ಟಿದೆನೋ ಲೆಕ್ಕವಿಲ್ಲ. ಒಂದಕ್ಕೂ ನಾಲ್ಕನೇ ಗೋಡೆ ಇರಲಿಲ್ಲ, ಅಲ್ಲಿ ಕ್ಯಾಮೆರಾ ಕೂತಿರುತ್ತಿತ್ತು. ಪ್ಲೈವುಡ್ಡು, ಬಟ್ಟೆ, ಪ್ಲಾಸ್ಟರ್ ಆಫ್ ಪ್ಯಾರಿಸ್. ಹಳೇ ಮನೆ ಬೇಕಾದರೆ ಹೊಸ ಹಲಗೆಗೆ ಮಸಿ ಬಳಿದು, ಪರದೆಯನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿ ತೂಗುಹಾಕುತ್ತಿದ್ದೆವು. ಶ್ರೀಮಂತರ ಮನೆ ಬೇಕಾದರೆ ಹಜಾರದ ಮಧ್ಯೆ ಒಂದು ಬಾಗಿದ ಮೆಟ್ಟಿಲು. ನಾಯಕಿಯ ಅಪ್ಪ ಡ್ರೆಸ್ಸಿಂಗ್ ಗೌನ್ ತೊಟ್ಟು, ಪೈಪು ಕಚ್ಚಿಕೊಂಡು ಅದರ ಮೇಲಿಂದ ಇಳಿದು ಬಂದು ಬಡ ನಾಯಕನಿಗೆ ಬಾಗಿಲು ತೋರಿಸಬೇಕಲ್ಲ! ಆ ಮೆಟ್ಟಿಲು ಮೇಲೆ ಎಲ್ಲಿಗೂ ಹೋಗುತ್ತಿರಲಿಲ್ಲ. ಹನ್ನೆರಡನೇ ಮೆಟ್ಟಿಲಿನ ಆಚೆ ಬರೀ ಗಾಳಿ.

ನಮ್ಮ ತೊಟ್ಟಿಮನೆಗೆ ನಾನು ಬರೆದ ನಕ್ಷೆಯಲ್ಲಿ ಇದ್ದದ್ದು ಅದೇ ಮೆಟ್ಟಿಲು. ತೊಟ್ಟಿ ಮುಚ್ಚಿ ಹಜಾರ ಮಾಡೋದು, ಮಧ್ಯೆ ಮೆಟ್ಟಿಲು ಏರಿಸೋದು, ಮೇಲೆ ನಾನು ಬಂದಾಗ ಇಳಿಯಲು ಎರಡು ಕೋಣೆ. ನಕ್ಷೆಯನ್ನು ಬಲು ಜಂಬದಿಂದ ಅವ್ವನ ಮುಂದೆ ಹರಡಿದೆ. ಅವ್ವನಿಗೀಗ ಎಂಬತ್ನಾಲ್ಕು, ಎರಡೂ ಮಂಡಿ ನೋವು. ಕನ್ನಡಕ ಏರಿಸಿ ನೋಡಿದಳು.

“ಅದ್ಯಾರ್ಲಾ ಮಗ, ಅಲ್ಲಿಂದ ಇಳ್ಕಂಡು ಬರಾದು?”

ನನ್ನ ಹತ್ತಿರ ಡೈಲಾಗ್ ಇರಲಿಲ್ಲ.

ತಮ್ಮನದು ಬೇರೆ ಸ್ಕ್ರಿಪ್ಟು. ಪೂರ್ತಿ ಕೆಡವಿ ಆರ್‌ಸಿಸಿ ಹಾಕೋಣ, ಮುಂದೆ ಮೂರು ಮಳಿಗೆ ಬಾಡಿಗೆಗೆ ಬಿಡೋಣ ಅಂತ. ನಾನು ಬಿಟ್ಟೇನೆಯೇ? ಸಾಗವಾನಿ ಕಂಬ, ಕೆತ್ತಿದ ಬೋದಿಗೆ, ಅಜ್ಜನ ಕಾಲದ ಬಾಗಿಲುವಾಡ ಅಂತ ಭಾಷಣ ಬಿಗಿದೆ. ಅವನು ಕೂಗಾಡಲಿಲ್ಲ. ಮೆಲ್ಲಗೆ ಒಂದು ಮಾತಂದ.

“ಅಣ್ಣ, ನೀನು ಯುಗಾದಿಗೆ ಬಂದು ಕಂಬದ ಫೋಟೋ ತೆಕ್ಕೊಂಡು ಹೋಗ್ತೀಯ. ರಾತ್ರಿ ಎರಡು ಗಂಟೆಗೆ ಮಳೇಲಿ ಅವ್ವನ್ನ ಕೊಟ್ಟಿಗೆ ಆಚೆ ಬಚ್ಚಲಿಗೆ ನಡೆಸ್ಕೊಂಡು ಹೋಗೋನು ನಾನು. ಹೋದ ಶ್ರಾವಣದಲ್ಲಿ ಅಲ್ಲೇ ಜಾರಿ ಬಿದ್ಳು. ನಿಂಗೆ ಹೇಳಬೇಡ ಅಂದಿದ್ಳು, ಹೇಳಲಿಲ್ಲ.”

ಆ ದಿನ ಊಟ ಸೇರಲಿಲ್ಲ.

ಆದರೂ ಹಟ ಬಿಡದೆ ಅವನನ್ನು ಮೈಸೂರಿಗೆ ಎಳೆದುಕೊಂಡು ಹೋದೆ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಇದೆ. ದೇವಾನಂದ್‌ರ ‘ಗೈಡ್’ (1965) ಚಿತ್ರಕ್ಕೆ ಕಾದಂಬರಿ ಕೊಟ್ಟವರು, ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ಗೆ ಕಥೆ ಕೊಟ್ಟವರು ಅವರೇ ತಾನೇ. 2011ರಲ್ಲಿ ಆ ಮನೆ ಕೆಡವಲು ಶುರು ಮಾಡಿದ್ದರು. ಗಲಾಟೆಯಾಗಿ ನಿಂತಿತು, ರಿಪೇರಿಯಾಗಿ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ನಾರಾಯಣ್ ತಮ್ಮ ಬರವಣಿಗೆಗೆ ಅಂತಲೇ ಎಂಟು ಕಿಟಕಿಯ ಕೋಣೆ ಮಾಡಿಸಿಕೊಂಡಿದ್ದರು, ಚಾಮುಂಡಿ ಬೆಟ್ಟ ಕಾಣುವ ಹಾಗೆ. ಕೊನೆಗೆ ನೋಟವೇ ಬರವಣಿಗೆಯನ್ನು ಕೆಡಿಸುತ್ತೆ ಅಂತ ಪರದೆ ಎಳೆದುಕೊಂಡು ಬರೆದರಂತೆ! ಆಸೆಪಟ್ಟು ಮಾಡಿಸಿದ್ದಕ್ಕೂ ದಿನಾ ಬದುಕೋದಕ್ಕೂ ಎಷ್ಟು ದೂರ ನೋಡಿ.

ತಮ್ಮ ಎಲ್ಲಾ ನೋಡಿದ. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ, “ಚೆನ್ನಾಗೈತೆ. ರಾತ್ರಿ ಇಲ್ಲಿ ಯಾರು ಮಲಗ್ತಾರೆ?” ಅಂದ.

ಎರಡನೇ ಸಲವೂ ನನಗೆ ಡೈಲಾಗ್ ಇಲ್ಲ.

ಅಂದು ರಾತ್ರಿ ಊರಲ್ಲಿ ಕರೆಂಟು ಹೋಯಿತು. ಅವ್ವ ಎದ್ದಳು. ತಮ್ಮ ಟಾರ್ಚು ಹುಡುಕುತ್ತಿದ್ದ. ನಾನು ಹಾಸಿಗೆಯಿಂದಲೇ ನೋಡುತ್ತಿದ್ದೆ. ಆ ಕತ್ತಲೆಯಲ್ಲಿ ಅವ್ವ ಕಣ್ಣಿನಿಂದ ನಡೆಯುತ್ತಿರಲಿಲ್ಲ, ಕೈಯಿಂದ ನಡೆಯುತ್ತಿದ್ದಳು. ಮಂಚದ ಕಾಲು, ಗೋಡೆ, ಬಾಗಿಲುವಾಡ, ತೊಟ್ಟಿಯ ಕಂಬ, ಮತ್ತೆ ಗೋಡೆ.

ಷೂಟಿಂಗ್ ನೋಡಿದವರಿಗೆ ಗೊತ್ತಿರುತ್ತೆ. ಷಾಟ್‌ಗೆ ಮುಂಚೆ ನಟ ಎಲ್ಲಿ ಬಂದು ನಿಲ್ಲಬೇಕು ಅಂತ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾರೆ. ಅದೇ ಮಾರ್ಕ್. ಕ್ಯಾಮೆರಾ ಸಹಾಯಕ ಅಲ್ಲಿಂದ ಲೆನ್ಸಿಗೆ ಟೇಪು ಹಿಡಿದು ದೂರ ಅಳೆಯುತ್ತಾನೆ. ನಟ ಮಾರ್ಕ್ ತಪ್ಪಿದರೆ ಮುಖ ಮಸುಕು, ಇನ್ನೊಂದು ಟೇಕು. ಬೆಳಿಗ್ಗೆ ಎದ್ದವನೇ ತಮ್ಮನ ಮಗಳ ಕಂಪಾಸ್ ಬಾಕ್ಸಿನಿಂದ ಸೀಮೆಸುಣ್ಣ ತೆಗೆದುಕೊಂಡೆ. “ಅವ್ವ, ಕಣ್ಣು ಮುಚ್ಕೊಂಡು ಒಂದ್ಸಲ ನಡಿ” ಅಂದೆ. “ನಿಂಗೇನು ಉಚ್ಚೇನ್ಲಾ?” ಅಂತ ಬೈದುಕೊಂಡೇ ನಡೆದಳು. ಅವಳ ಅಂಗೈ ಮುಟ್ಟಿದ ಕಡೆಯೆಲ್ಲಾ ನಾನು ಗೀಟು ಎಳೆದೆ. ಹದಿನಾಲ್ಕು ಗೀಟು.

ತೊಟ್ಟಿಯ ಈಶಾನ್ಯದ ಕಂಬದ ಹತ್ತಿರ ಬಂದಾಗ ಆಚಾರ್ರು ನನ್ನ ಭುಜ ಮುಟ್ಟಿದರು. ಮದುವೆಯಾಗಿ ಬಂದಾಗಿನಿಂದ ಅವ್ವ ಹಿಡಿದು ಹಿಡಿದು ಆ ಕಂಬದಲ್ಲಿ ಒಂದು ಕಡೆ ಎಣ್ಣೆ ಹಚ್ಚಿದ ಹಾಗೆ ಹೊಳಪು ಬಂದಿದೆ. ಅವತ್ತು ಅವಳ ಕೈ ಬಿದ್ದದ್ದು ಆ ಹೊಳಪಿನಿಂದ ನಾಲ್ಕು ಬೆರಳು ಕೆಳಗೆ. ಅವ್ವ ಅಷ್ಟು ಗಿಡ್ಡವಾಗಿದ್ದಾಳೆ. ಪ್ರತಿ ಹಬ್ಬಕ್ಕೆ ಬರುತ್ತಿದ್ದ ನನಗೆ ಗೊತ್ತೇ ಆಗಿರಲಿಲ್ಲ.

ಅಲ್ಲಿಗೆ ನನ್ನ ನಕ್ಷೆ ಒಲೆಗೆ ಹೋಯಿತು. ತಮ್ಮನ ಮಳಿಗೆಗಳೂ ಸದ್ಯಕ್ಕೆ ನಿಂತವು.

ಆಚಾರ್ರು ಕೊಟ್ಟಿಗೆಯ ಒಂದು ಹಳೇ ತೊಲೆ ಬಿಚ್ಚಿದರು. ತುದಿ ಗೆದ್ದಲು ತಿಂದಿತ್ತು, ಒಳಗೆ ಗಟ್ಟಿ ಇತ್ತು. ಅದನ್ನೇ ಸೀಳಿ ಆ ಹದಿನಾಲ್ಕು ಗೀಟನ್ನೂ ಸೇರಿಸುವ ಹಾಗೆ ಗೋಡೆಗುಂಟ ಹಿಡಿಪಟ್ಟಿ ಮಾಡಿದರು. ಅಂಗಡಿಯಲ್ಲಿ ಸಿಗುವ ಸ್ಟೀಲ್ ಪೈಪು ಚಳಿಗಾಲದಲ್ಲಿ ಕೈ ಕೊರೆಯುತ್ತೆ ಅಂದರು. ಎತ್ತರವನ್ನು ಯಾವ ಪುಸ್ತಕದಿಂದಲೂ ತೆಗೆದಿಲ್ಲ. ಅವ್ವನ ಗೀಟು ಎಲ್ಲಿದೆಯೋ ಅಲ್ಲೇ. ದಪ್ಪಕ್ಕೂ ಅವಳ ಮುಷ್ಟಿಯೇ ಅಳತೆ. ಒನಕೆ ಹಿಡಿಸಿ ನೋಡಿ, ಅದಕ್ಕಿಂತ ಒಂದು ಸುತ್ತು ಸಣ್ಣ ಮಾಡಿದರು.

ಬಚ್ಚಲು ಒಳಗೆ ಬಂತು, ಅವ್ವನ ಕೋಣೆ ಪಕ್ಕದ ಉಗ್ರಾಣಕ್ಕೆ. ಇದು ತಮ್ಮ ಗೆದ್ದ ಸೀನು, ಒಪ್ಪಿಕೊಳ್ಳುತ್ತೇನೆ. ಕೋಣೆಗೆ ಕೆಂಪು ಗಾರೆ ನೆಲ. ಬಚ್ಚಲಿಗೆ ಮಾತ್ರ ಒರಟು ಕಲ್ಲು, ಯಾಕಂದ್ರೆ ನುಣುಪು ನೆಲ ನೋಡೋಕೆ ಹೀರೋಯಿನ್, ನೀರು ಬಿದ್ದರೆ ವಿಲನ್. ಹೊಸ್ತಿಲು ತೆಗೆಯಲು ಅವ್ವ ಸುತರಾಂ ಒಪ್ಪಲಿಲ್ಲ. ತೆಗೆಯಲಿಲ್ಲ. ಎರಡೂ ಕಡೆ ನೆಲವನ್ನೇ ಇಳಿಜಾರಾಗಿ ಏರಿಸಿ ಹೊಸ್ತಿಲಿನ ಮಟ್ಟಕ್ಕೆ ತಂದೆವು. ಕುಂಕುಮ ಇಡಲು ಜಾಗ ಇದೆ, ಎಡವಲು ಜಾಗ ಇಲ್ಲ.

ಕಿಟಕಿ ವಿಷಯ ಹೇಳಲೇಬೇಕು. ಅವ್ವನ ಕೋಣೆಯ ಕಿಟಕಿ ನೆಲದಿಂದ ನಾಲ್ಕೂವರೆ ಅಡಿ ಮೇಲೆ. ಮಂಚದ ಮೇಲೆ ಮಲಗಿದರೆ ಎದುರು ಮನೆ ಹಂಚು ಬಿಟ್ಟು ಬೇರೇನೂ ಕಾಣದು. ಮಣ್ಣಿನ ಗೋಡೆಯಲ್ಲಿ ಹೊಸ ಕಿಟಕಿ ಕೊರೆಯೋದು ಅಪಾಯ, ಮೇಲಿನ ಭಾರ ಹೊರೋಕೆ ಅಡ್ಡತೊಲೆ ಕೂರಿಸಬೇಕು. ಮೇಸ್ತ್ರಿ ಜಾಣ. ಅಗಲ ಮುಟ್ಟಲೇ ಇಲ್ಲ, ಮೇಲಿನ ಹಳೇ ತೊಲೆ ಹಾಗೇ ಬಿಟ್ಟ. ಕೆಳಗಡೆ ಮಾತ್ರ ಎರಡೂವರೆ ಅಡಿ ಕತ್ತರಿಸಿದ. ಈಗ ಮಲಗಿದ ಕಡೆಯಿಂದಲೇ ಬೀದಿ, ಅರಳಿಕಟ್ಟೆ, ಬಸ್ಸಿಳಿದು ಬರೋರು ಎಲ್ಲಾ ಸಿನಿಮಾಸ್ಕೋಪ್!

ಮುಂದಿನ ಗೋಡೆಗೆ ತಮ್ಮ ಹಿಂದೊಮ್ಮೆ ಸಿಮೆಂಟು ಬಳಿಸಿದ್ದ. ಎರಡು ಮಳೆಗಾಲಕ್ಕೇ ಉಬ್ಬಿ ಹಪ್ಪಳದ ಹಾಗೆ ಕಳಚಿತ್ತು. ಮಣ್ಣಿನ ಗೋಡೆ ನೆಲದಿಂದ ತೇವ ಹೀರುತ್ತೆ, ಸುಣ್ಣದ ಗಾರೆಯಾದರೆ ಅದು ಹೊರಗೆ ಆರಿಹೋಗುತ್ತೆ. ಸಿಮೆಂಟು ಬಾಗಿಲು ಹಾಕಿಬಿಡುತ್ತೆ, ತೇವ ಒಳಗೇ ಕೂತು ಗೋಡೆ ತಿನ್ನುತ್ತೆ. ಎಲ್ಲಾ ಕೆತ್ತಿಸಿ ಸುಣ್ಣ ಹಾಕಿಸಿದೆವು. ಹಂಚಿನದೂ ಒಂದು ಫಜೀತಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದ ಹಂಚು ಅಂದ್ರೆ ಒಂದರೊಳಗೊಂದು ಕಚ್ಚಿಕೊಳ್ಳುವಂಥದು. ಆದರೆ ಒಂದು ಕಾರ್ಖಾನೆಯ ಕಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಹಳೇ ಹಂಚಿನಲ್ಲಿ ಒಡೆಯದ್ದನ್ನೆಲ್ಲಾ ತೊಳೆದು ಮುಂದಿನ ಇಳಿಜಾರಿಗೆ, ಹೊಸದೆಲ್ಲಾ ಹಿಂದಕ್ಕೆ. ತೊಟ್ಟಿ ತೆರೆದೇ ಇದೆ. ಮೇಲೆ ಕಬ್ಬಿಣದ ಜಾಲರಿ ಬಂತು, ಕೋತಿಗಳ ದೆಸೆಯಿಂದ.

ದುಡ್ಡು? ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಆಯಿತು. ಮಳಿಗೆ ಬಾಡಿಗೆ ಬರುತ್ತಿದ್ದರೆ ಅಂತ ತಮ್ಮ ಇನ್ನೂ ಗೊಣಗುತ್ತಾನೆ. ಅವನ ಮಗಳ ಓದಿನ ಖರ್ಚು ನೆನೆದರೆ ತಪ್ಪು ಅನ್ನೋಕಾಗಲ್ಲ. ಆ ಲೆಕ್ಕ ಇನ್ನೂ ನಮ್ಮಿಬ್ಬರ ಮಧ್ಯೆ ಮುಗಿದಿಲ್ಲ.

ಮೊನ್ನೆ ಬೆಳಿಗ್ಗೆ ಅವನ ಫೋನು. “ಅಣ್ಣ, ರಾತ್ರಿ ಅವ್ವ ಒಬ್ಳೇ ಎದ್ದು ಬಚ್ಚಲಿಗೆ ಹೋಗ್ಬಂದವ್ಳೆ. ನನ್ನ ಎಬ್ಬಿಸ್ಲೇ ಇಲ್ಲ.” ಸಿಟ್ಟೋ ಸಂತೋಷವೋ ಗೊತ್ತಾಗಲಿಲ್ಲ. ಹಿಂದಿನಿಂದ ಅವ್ವನ ದನಿ ಕೇಳುತ್ತಿತ್ತು. “ಅವನೇನ್ಲಾ ಅಂದ? ಅಟ್ಟಕ್ಕೆ ಮೆಟ್ಲು ಕಟ್ಟುಸ್ತಾನಂತಾ ಕೇಳು!”

ಸ್ಟುಡಿಯೋ ಸುದ್ದಿ ಮುಂದಿನ ವಾರ ಖಂಡಿತ. ಹಾಸನದ ಮಿತ್ರರು ಇನ್ನೊಂದು ಕಾರ್ಡು ಖರ್ಚು ಮಾಡುವುದು ಬೇಡ.