ಸೈನಿಕನ ಕೈಗಡಿಯಾರ

ಕಳೆದ ವಾರ ನನ್ನ ಅಣ್ಣನ ಮಗಳು ದೂರವಾಣಿಯಲ್ಲಿ ಮಾತನಾಡುತ್ತ, "ಚಿಕ್ಕಪ್ಪ, ನಿವೃತ್ತಿಯಾದ ಮೇಲೆ ನೀವು ಕುಮಾರವ್ಯಾಸನನ್ನು ಹಿಡಿದು ಕೂರುತ್ತೀರಿ ಎಂದುಕೊಂಡಿದ್ದೆ. ಶನಿವಾರ ರಾತ್ರಿಯೆಲ್ಲ ಶಿಷ್ಯರ ಜೊತೆ ಕೆಟ್ಟ ಸಿನಿಮಾ ನೋಡುತ್ತೀರಂತೆ, ನಿಜವೇ?" ಎಂದು ಕೇಳಿದಳು. ನಿಜ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಆದರೆ ಈ ಆಟದಲ್ಲಿ ನನ್ನಿಂದ ಒಂದು ತಪ್ಪು ನಡೆಯಿತು. ಅದನ್ನು ಇದುವರೆಗೆ ಎಲ್ಲಿಯೂ ಹೇಳಿಕೊಂಡಿರಲಿಲ್ಲ. ಇಂದು ಎರಡನ್ನೂ ಬರೆಯುತ್ತೇನೆ.

2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ನನ್ನ ನಿವೃತ್ತಿಗೆ ಎರಡು ತಿಂಗಳಷ್ಟೇ ಉಳಿದಿತ್ತು. ಹಾರವಿಲ್ಲ, ಭಾಷಣವಿಲ್ಲ, ಮಕ್ಕಳ ಮುಖವನ್ನು ಕಡೆಯ ಬಾರಿ ನೋಡಿದ್ದೂ ಇಲ್ಲ. ಹಾಗೆಯೇ ಮೇಷ್ಟ್ರುಗಿರಿ ಮುಗಿದುಹೋಯಿತು. ಚೆಲುವಾಂಬ ಪಾರ್ಕಿನ ಬೆಳಗಿನ ಸುತ್ತಾಟವೂ ನಿಂತು, ಒಂಟಿಕೊಪ್ಪಲಿನ ಮನೆಯಲ್ಲಿ ನಿಜಕ್ಕೂ ಒಂಟಿಯಾಗಿ ಕುಳಿತಿದ್ದೆ. ಆಗ 1988ರಲ್ಲಿ ಹತ್ತನೆಯ ತರಗತಿ ಮುಗಿಸಿದ ನನ್ನ ಮೊದಲ ತಂಡಗಳ ಹುಡುಗರು (ಈಗ ಐವತ್ತರ ಆಸುಪಾಸಿನ ಗೃಹಸ್ಥರು) ತಮ್ಮ ವಾಟ್ಸಾಪ್ ಗುಂಪಿಗೆ ನನ್ನನ್ನೂ ಎಳೆದುಕೊಂಡರು. ಶನಿವಾರ ಎಲ್ಲರೂ ಒಂದೇ ಹೊತ್ತಿಗೆ ಯೂಟ್ಯೂಬಿನಲ್ಲಿ ಒಂದೇ ಚಿತ್ರ ಹಾಕಿಕೊಂಡು, ನೋಡುತ್ತ ನೋಡುತ್ತ ಟೀಕೆ ಬರೆಯುವುದೆಂದು ತೀರ್ಮಾನವಾಯಿತು. ಹೊತ್ತು ಗೊತ್ತುಮಾಡುವುದೇ ದೊಡ್ಡ ಕೆಲಸ. ನಮ್ಮ ಒಂಟಿಕೊಪ್ಪಲ್ ಪಂಚಾಂಗ ಮದುವೆಗೂ ಗೃಹಪ್ರವೇಶಕ್ಕೂ ಮುಹೂರ್ತ ಕೊಡಬಲ್ಲದು. ಮೈಸೂರು, ದುಬೈ, ಕ್ಯಾಲಿಫೋರ್ನಿಯಾ ಮೂರಕ್ಕೂ ಹೊಂದುವ ಸಿನಿಮಾ ಮುಹೂರ್ತ ಅದರಲ್ಲೂ ಇಲ್ಲ! ಕೊನೆಗೆ ನಮ್ಮ ರಾತ್ರಿ ಒಂಬತ್ತೂವರೆ ನಿಶ್ಚಯವಾಯಿತು. "ಒಂದು, ಎರಡು, ಮೂರು" ಎಂದು ಎಣಿಸುವ ಅಧಿಕಾರ ಮೇಷ್ಟ್ರದ್ದು. ಒಬ್ಬನ ಮನೆಯ ಇಂಟರ್ನೆಟ್ ಚುರುಕು, ಇನ್ನೊಬ್ಬನದು ನಿಧಾನ. ಹೀಗಾಗಿ ಹಾವು ತೆರೆಗೆ ಬರುವ ಮೊದಲೇ ಹಾವಿನ ಮೇಲಿನ ನಗೆಮಾತು ಬಂದು ಬೀಳುತ್ತಿತ್ತು.

ಎಂಥ ಚಿತ್ರಗಳು ಎನ್ನುತ್ತೀರಾ? ರಾಜನ ಆಸ್ಥಾನದ ಹಿಂದೆ ವಿದ್ಯುತ್ ಕಂಬ ಕಾಣುವಂಥವು. ಒಂದೇ ಮೂವರು ಸೈನಿಕರು ಒಂದೇ ಯುದ್ಧದಲ್ಲಿ ನಾಲ್ಕು ಸಲ ಸಾಯುವಂಥವು. ನಾಯಕಿ ಮೈಸೂರಿನಲ್ಲಿ ಹಾಡು ಶುರುಮಾಡಿ, ಎರಡನೆಯ ಚರಣಕ್ಕೆ ಊಟಿಯಲ್ಲಿ ಸೀರೆ ಬದಲಿಸಿಕೊಂಡು ನಿಲ್ಲುವಂಥವು. ನಡುನಡುವೆ ಒಳ್ಳೆಯ ಚಿತ್ರಗಳೂ ಬರುತ್ತಿದ್ದವು. 1968ರ 'ಜೇಡರ ಬಲೆ'ಯಿಂದ ಆರಂಭವಾದ ದೊರೆ-ಭಗವಾನ್ ಅವರ ಸಿಐಡಿ 999 ಸರಣಿಯನ್ನು ಹಾಕಿದಾಗ, ಮಿಣಮಿಣ ಬಲ್ಬುಗಳ ಯಂತ್ರಗಳನ್ನು ಕಂಡು ನಾವೆಲ್ಲ ನಕ್ಕೆವು. ರಾಜ್‌ಕುಮಾರ್ ಬಾಗಿಲಲ್ಲಿ ಕಾಣಿಸಿಕೊಂಡೊಡನೆ ಎಲ್ಲರೂ ಶಿಳ್ಳೆಯ ಚಿತ್ರ ಕಳುಹಿಸಿದರು. ನಗುವೂ ಅಭಿಮಾನವೂ ಒಂದೇ ಬೆಂಚಿನ ಮೇಲೆ ಕೂರಬಲ್ಲವೆಂಬುದು ನನಗೆ ಆಗ ಮನವರಿಕೆಯಾಯಿತು.

ಇದೇನೂ ಹೊಸ ಚಾಳಿಯಲ್ಲ. ನಮ್ಮ ಕಾಲದ ಟಾಕೀಸುಗಳ ಗಾಂಧಿ ಕ್ಲಾಸಿನಲ್ಲಿ ಈ ಕಲೆ ಆಗಲೇ ಪಕ್ವವಾಗಿತ್ತು. ಖಳನಾಯಕ ಬಾಗಿಲ ಹಿಂದೆ ಅವಿತುಕೊಂಡರೆ "ಹಿಂದೆ ನೋಡಣ್ಣೋ!" ಎಂದು ಮುಂದಿನ ಸಾಲಿನಿಂದ ಎಚ್ಚರಿಕೆ ಹೋಗುತ್ತಿತ್ತು. ಅಮೆರಿಕದಲ್ಲಿರುವ ಶಿಷ್ಯ ಹೇಳಿದಂತೆ ಅಲ್ಲಿ 1988ರಲ್ಲಿ, ಮಿನ್ನೆಸೋಟ ರಾಜ್ಯದ ಒಂದು ಸ್ಥಳೀಯ ದೂರದರ್ಶನ ವಾಹಿನಿಯಲ್ಲಿ, 'ಮಿಸ್ಟರಿ ಸೈನ್ಸ್ ಥಿಯೇಟರ್ 3000' ಎಂಬ ಕಾರ್ಯಕ್ರಮವೇ ಆರಂಭವಾಯಿತು. ಅಂತರಿಕ್ಷದಲ್ಲಿ ಸಿಕ್ಕಿಕೊಂಡ ಒಬ್ಬ ಮನುಷ್ಯನೂ ಅವನ ರೋಬೋಟುಗಳೂ ಕೆಟ್ಟ ಚಿತ್ರ ನೋಡುತ್ತ ತಮಾಷೆ ಮಾಡುವುದು ಅದರ ವಸ್ತು. ತೆರೆಯ ಕೆಳಗೆ ಅವರ ನೆರಳು ಕಾಣುತ್ತದೆ. ನಮ್ಮ ಗಾಂಧಿ ಕ್ಲಾಸಿನವರಿಗೆ ಅಂತರಿಕ್ಷ ನೌಕೆ ಬೇಕಿರಲಿಲ್ಲ, ಅಷ್ಟೇ ವ್ಯತ್ಯಾಸ. ಆ ಟಾಕೀಸುಗಳೂ ಒಂದೊಂದಾಗಿ ಕಣ್ಮರೆಯಾದವು. 2020ರಲ್ಲಿ ನಮ್ಮ ಶಾಂತಲಾ ಮುಚ್ಚಿತು, ಮರುವರ್ಷ ಲಕ್ಷ್ಮಿ. ಕೂಡಿ ನಗುವ ಜಾಗ ಹೋದ ಮೇಲೆ ಜನ ಫೋನಿನಲ್ಲಾದರೂ ಕೂಡುತ್ತಾರೆ. ಅದನ್ನು ಕಾಲಹರಣ ಎನ್ನುವವರ ಜೊತೆ ನನಗೆ ಸಹಮತವಿಲ್ಲ. ಹೆಂಡತಿಯನ್ನು ಕಳೆದುಕೊಂಡ ಒಬ್ಬ ಶಿಷ್ಯ ಆ ವರ್ಷ ವಾರಕ್ಕೊಮ್ಮೆ ನಕ್ಕದ್ದು ಈ ಗುಂಪಿನಲ್ಲೇ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. (ಸಂಬಂಧಪಟ್ಟವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡವೆಂದಿದ್ದಾನೆ.)

ಒಂದು ಶನಿವಾರ ಎಂಬತ್ತರ ದಶಕದ ಒಂದು ರಾಜರ ಕಾಲದ ಚಿತ್ರ ಹಾಕಿದ್ದೆವು. ಸಿಂಹಾಸನದ ಪಕ್ಕದಲ್ಲಿ ಈಟಿ ಹಿಡಿದು ನಿಂತ ಸೈನಿಕನೊಬ್ಬನ ಎಡಗೈಯಲ್ಲಿ ಕೈಗಡಿಯಾರ ಥಳಥಳ ಹೊಳೆಯುತ್ತಿತ್ತು! ಸಿಕ್ಕಿತಲ್ಲ ರಸಗವಳ! ಮೊದಲು ಬರೆದವನು ನಾನೇ: "ಮಹಾರಾಜರು ಹೋದರೂ ಚಿಂತೆಯಿಲ್ಲ, ಇವನಿಗೆ ಐದು ಗಂಟೆಯ ಬಸ್ಸು ತಪ್ಪಬಾರದು." ಆಮೇಲೆ ಒಬ್ಬೊಬ್ಬರೂ ಸೇರಿಸಿದರು. ಗಡಿಯಾರದಿಂದ ಮಾತು ಅವನ ಬಡಕಲು ಕಾಲಿಗೆ ಹೋಯಿತು, ಕಾಲಿನಿಂದ ಉಬ್ಬುಹಲ್ಲಿಗೆ ಹೋಯಿತು. ಯಾರೋ ಆ ದೃಶ್ಯವನ್ನು ಹಿಡಿದು, ಸುತ್ತ ಗೆರೆ ಬರೆದು, ಬೇರೆ ಗುಂಪುಗಳಿಗೂ ಕಳುಹಿಸಿದರು. ನಾನು ತಡೆಯಲಿಲ್ಲ. ತಡೆಯಬೇಕೆಂದು ತೋರಲೂ ಇಲ್ಲ.

ಮರುದಿನ ಆ ಗುಂಪಿನಿಂದ ಒಬ್ಬ ಹೊರಟುಹೋಗಿದ್ದ. ಕೈತಪ್ಪಿ ಆಗಿರಬೇಕೆಂದುಕೊಂಡೆ. ನಾಲ್ಕು ದಿನ ಬಿಟ್ಟು ಫೋನ್ ಮಾಡಿದೆ. ಸ್ವಲ್ಪ ಹೊತ್ತು ಅವನು ಸುಮ್ಮನಿದ್ದ. ಆಮೇಲೆ, "ಸಾರ್, ಅದು ನಮ್ಮಪ್ಪ," ಎಂದ.

ನನಗೆ ಮಾತು ಹೊರಡಲಿಲ್ಲ.

ಅವನ ತಂದೆಯನ್ನು ನಾನು ನೋಡಿದ್ದೆ. ಪ್ರಗತಿಪತ್ರಕ್ಕೆ ಸಹಿ ಹಾಕಲು ಎರಡು ಮೂರು ಬಾರಿ ಶಾಲೆಗೆ ಬಂದಿದ್ದರು. ಕಾರ್ಖಾನೆಯಲ್ಲಿ ಕೆಲಸ, ರಜೆಯ ದಿನ ಅಥವಾ ಪಾಳಿಗೆ ಮೊದಲು ಸಮಯ ಸಿಕ್ಕರೆ ನಮ್ಮ ಪ್ರೀಮಿಯರ್ ಸ್ಟುಡಿಯೋಗೆ ಹೋಗಿ ಗುಂಪಿನಲ್ಲಿ ನಿಂತು ಬರುತ್ತಿದ್ದರಂತೆ. ಊಟ ಕೊಡುತ್ತಿದ್ದರು, ಕೈಗೆ ಒಂದಿಷ್ಟು ದುಡ್ಡೂ ಬರುತ್ತಿತ್ತು. "ನನ್ನ ಹತ್ತನೇ ಕ್ಲಾಸಿನ ಪರೀಕ್ಷೆ ಫೀಸು ಅದೇ ದುಡ್ಡು ಸಾರ್. ಅವತ್ತು ಅವರಿಗೆ ಎರಡನೇ ಪಾಳಿ ಇತ್ತು. ಹೊತ್ತು ಮೀರಿದರೆ ಅರ್ಧ ದಿನದ ಸಂಬಳ ಹೋಗುತ್ತೆ ಅಂತ ಗಡಿಯಾರ ಬಿಚ್ಚಿರಲಿಲ್ಲ. ನೀವು ಬಸ್ಸು ಅಂತ ಬರೆದಿರಿ. ಬಸ್ಸಲ್ಲ ಸಾರ್, ಸೈಕಲ್ಲು," ಎಂದ. ಹಾಗೆ ಹೇಳುವಾಗ ಅವನು ಸಣ್ಣಗೆ ನಕ್ಕನೆಂದು ನನಗನ್ನಿಸಿತು. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಪ್ರೀಮಿಯರ್ ಸ್ಟುಡಿಯೋ ಕಿರಿಯ ಓದುಗರಿಗೆ ತಿಳಿದಿರಲಿಕ್ಕಿಲ್ಲ. ಹುಣಸೂರು ರಸ್ತೆಯಲ್ಲಿ, ನಮ್ಮ ಬಡಾವಣೆಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ, 1954ರಲ್ಲಿ ಆರಂಭವಾದ ಸ್ಟುಡಿಯೋ. ಕನ್ನಡದ್ದಷ್ಟೇ ಅಲ್ಲ, ತಮಿಳು, ತೆಲುಗು, ಹಿಂದಿ ಚಿತ್ರಗಳೂ ಅಲ್ಲಿ ತಯಾರಾದವು. 1989ರ ಫೆಬ್ರವರಿ 8ರಂದು 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಚಿತ್ರೀಕರಣದ ವೇಳೆ ಅಲ್ಲಿ ಬೆಂಕಿ ಹತ್ತಿ 62 ಮಂದಿ ಮಡಿದರು. ಗಾಳಿಯಾಡದ ಕಟ್ಟಡ, ಗೋಣಿಚೀಲದ ಗೋಡೆಗಳು, ಸಡಿಲ ವೈರುಗಳು. ನಾಯಕನಟ ಸಂಜಯ್ ಖಾನ್ ತೀವ್ರ ಸುಟ್ಟಗಾಯಗಳಿಂದ ತಿಂಗಳುಗಟ್ಟಲೆ ನರಳಿ ಬದುಕಿಕೊಂಡರು. ಅವರ ಹೆಸರು ಎಲ್ಲರಿಗೂ ನೆನಪಿದೆ. ಸತ್ತವರ ಹೆಸರುಗಳನ್ನು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು? ಶಿಷ್ಯನ ತಂದೆ ಅಂದು ಅಲ್ಲಿರಲಿಲ್ಲ. ಆದರೆ ಆ ಬಳಿಕ ಅವರು ಚಿತ್ರೀಕರಣದ ಕಡೆ ಹೆಜ್ಜೆ ಇಡಲಿಲ್ಲವಂತೆ. ಈಗ ಅವರೂ ಇಲ್ಲ, ಸ್ಟುಡಿಯೋ ಕೂಡ ಇಲ್ಲ. ಅವರು ಓಡಾಡಿದ್ದನ್ನು, ನಿಂತದ್ದನ್ನು ಮಗ ನೋಡಬಹುದಾದ ಜಾಗ ಆ ಚಿತ್ರದ ಹನ್ನೆರಡು ಸೆಕೆಂಡು ಮಾತ್ರ. ಅಷ್ಟಕ್ಕೇ ನಾವು ಗೆರೆ ಎಳೆದು ಊರಿಗೆಲ್ಲ ಹಂಚಿದ್ದೆವು.

ಮೂವತ್ತು ವರ್ಷ ತರಗತಿಯಲ್ಲಿ ನವರಸಗಳನ್ನು ಪಾಠ ಮಾಡಿದವನು ನಾನು. ಭರತಮುನಿ ನಾಟ್ಯಶಾಸ್ತ್ರದಲ್ಲಿ ಹಾಸ್ಯಕ್ಕೆ ಆರು ಭೇದ ಹೇಳುತ್ತಾನೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಎರಡೆರಡರಂತೆ ಉತ್ತಮ, ಮಧ್ಯಮ, ಅಧಮರಿಗೆ ಅವನ್ನು ಹಂಚುತ್ತಾನೆ. ಅದನ್ನು ಮಕ್ಕಳಿಂದ ಕಂಠಪಾಠ ಮಾಡಿಸಿದ್ದೆ. ಹಸಿತದಲ್ಲಿ ಶುರುವಾದ ನಗೆ ಅರ್ಧ ಗಂಟೆಯೊಳಗೆ ಅಪಹಸಿತಕ್ಕೆ ಇಳಿದದ್ದು ಮಾತ್ರ ನನ್ನ ಗಮನಕ್ಕೇ ಬರಲಿಲ್ಲ.

ಹಾಗಾದರೆ ಕೆಟ್ಟ ಚಿತ್ರವನ್ನು ಕಂಡು ನಗಲೇಬಾರದೇ? ಕೆಲವು ದಿನ ನನಗೂ ಹಾಗೆಯೇ ಅನ್ನಿಸಿ ಗುಂಪಿನಿಂದ ದೂರವಿದ್ದೆ. ಆಗ ನೆನಪಾದವರು ಪಕ್ಕದ ಯಾದವಗಿರಿಯ ಆರ್.ಕೆ. ನಾರಾಯಣ್. 1965ರಲ್ಲಿ ಅವರ 'ದಿ ಗೈಡ್' ಕಾದಂಬರಿ ಚಲನಚಿತ್ರವಾಯಿತು. ಹಿಂದಿ 'ಗೈಡ್' ಜನಮನ ಗೆದ್ದಿತು, ನಿಜ. ಆದರೆ ನಮ್ಮ ಸೀಮೆಯ ಮಣ್ಣಿನ ಮಾಲ್ಗುಡಿಯನ್ನು ರಾಜಸ್ಥಾನದ ಉದಯಪುರ, ಜೈಪುರಗಳಿಗೆ ಎತ್ತಿಕೊಂಡು ಹೋದದ್ದನ್ನು ಕಂಡ ಲೇಖಕರಿಗೆ ಹೇಗಾಗಿರಬೇಡ? ಅವರು 'ಮಿಸ್‌ಗೈಡೆಡ್ ಗೈಡ್' ಎಂಬ ಪ್ರಬಂಧ ಬರೆದು ಓದುಗರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದರು. ಅವರ ನಗೆಯ ಗುರಿ ದುಡ್ಡು ಇದ್ದವರು, ತೀರ್ಮಾನ ಮಾಡುವ ಅಧಿಕಾರ ಇದ್ದವರು. ಗುಂಪಿನಲ್ಲಿ ನಿಂತವನ ಹಲ್ಲು ಆ ಪ್ರಬಂಧದ ವಿಷಯವಲ್ಲ.

ಅದರಿಂದ ನನಗೆ ದಾರಿ ಸಿಕ್ಕಿತು. ಸೈನಿಕನ ಕೈಯಲ್ಲಿ ಗಡಿಯಾರ ಕಂಡರೆ ನಗಬೇಕಾದದ್ದು ಅದನ್ನು ಕ್ಯಾಮೆರಾದ ಹಿಂದೆ ನಿಂತು ಕಾಣದೆ ಹೋದವರನ್ನು, ಸಂಕಲನದಲ್ಲಿ ಬಿಟ್ಟವರನ್ನು. ಉದ್ದೇಶ, ಆಡಂಬರ, ಸೋಮಾರಿತನ, ಕದ್ದ ಕಥೆ, ಹೆಣ್ಣುಮಕ್ಕಳನ್ನು ಹೀಗಳೆಯುವ ಸಂಭಾಷಣೆ ಇವೆಲ್ಲ ನಗೆಗೆ ಯೋಗ್ಯ; ಎಷ್ಟು ನಕ್ಕರೂ ಕಡಿಮೆಯೇ. ಮೈಬಣ್ಣ, ಹಲ್ಲು, ಬಡತನ ಯೋಗ್ಯವಲ್ಲ. ಎರಡನೆಯದಾಗಿ, ಪೂರ್ತಿ ನೋಡಿದವನಿಗೆ ಮಾತ್ರ ನಗುವ ಹಕ್ಕು. ಎರಡೂವರೆ ಗಂಟೆ ಒಟ್ಟಿಗೆ ಕಷ್ಟಪಟ್ಟು ನೋಡಿದ ಒಂಬತ್ತು ಜನರ ನಗೆಯಲ್ಲಿ ಒಂದು ಸಲಿಗೆಯಿರುತ್ತದೆ. ಹತ್ತು ಸೆಕೆಂಡಿನ ತುಣುಕು ಕತ್ತರಿಸಿ ಅಪರಿಚಿತರಿಗೆ ಎಸೆದಾಗ ಆ ಸಲಿಗೆ ಅಲ್ಲಿಗೆ ಹೋಗುವುದಿಲ್ಲ, ಮುಖ ಮಾತ್ರ ಹೋಗುತ್ತದೆ. ಇಂದಿನ 'ಟ್ರೋಲ್' ಎಂಬ ಪಿಡುಗಿನ ಮೂಲ ಇದೇ ಎಂಬುದು ನನ್ನ ಅಭಿಪ್ರಾಯ.

"ಹೀಗೆ ಲೆಕ್ಕ ಹಾಕಿ ನಕ್ಕರೆ ಅದು ನಗೆಯೇ ಅಲ್ಲ ಸಾರ್," ಎಂದು ಗುಂಪಿನಲ್ಲಿ ಒಬ್ಬ ವಾದಿಸಿದ. ಅವನ ಮಾತಿನಲ್ಲೂ ಸತ್ಯವಿದೆ. ನಗೆ ತಡೆದು ಬರುವಂಥದ್ದಲ್ಲ. ಆದರೆ ಬೆರಳನ್ನು ತಡೆಯಬಹುದು. ಮನಸ್ಸಿನಲ್ಲಿ ಬಂದದ್ದೆಲ್ಲ ಬರೆಯಲೇಬೇಕೆಂಬ ನಿಯಮವಿಲ್ಲ. ತರಗತಿಯಲ್ಲಿ ನಾನು ನಿಮಗೆ ಹೇಳುತ್ತಿದ್ದೆ, ನೆನಪಿದೆಯೇ?

ನಾನು ಆ ಶಿಷ್ಯನ ಮನೆಗೆ ಹೋಗಿ ಕ್ಷಮೆ ಕೇಳಿದೆ. "ಛೆ, ಏನ್ ಸಾರ್ ನೀವು," ಎಂದು ಕೈ ಹಿಡಿದುಕೊಂಡ. ಗುಂಪಿಗೆ ಮರಳಿ ಬಾ ಎಂದು ಒತ್ತಾಯ ಮಾಡಲಿಲ್ಲ. ಎರಡು ತಿಂಗಳ ಮೇಲೆ ತಾನಾಗಿಯೇ ಬಂದ. ಬಂದವನು, ಆ ಚಿತ್ರವನ್ನೇ ಇನ್ನೊಮ್ಮೆ ಹಾಕೋಣವೆಂದ. ಎಲ್ಲರೂ ಬೆಚ್ಚಿದೆವು. ಆ ದೃಶ್ಯ ಬಂದಾಗ ಯಾರೂ ಒಂದಕ್ಷರ ಬರೆಯಲಿಲ್ಲ. ಅವನೇ ಬರೆದ: "ನಮ್ಮಪ್ಪ. ಸಮಯ ನಾಲ್ಕೂ ಇಪ್ಪತ್ತು. ಪಾಳಿಗೆ ಇನ್ನು ನಲವತ್ತು ನಿಮಿಷ. ಮಹಾರಾಜರೇ, ಬೇಗ ಡೈಲಾಗ್ ಮುಗಿಸಿ."

ಅಂದು ನಾವು ಒಂಬತ್ತೂ ಜನ ನಕ್ಕೆವು. ನಾನು ಸ್ವಲ್ಪ ಅತ್ತೆ ಕೂಡ. ಮೊದಲಿನ ತುಣುಕು ಈಗಲೂ ಎಲ್ಲೆಲ್ಲೋ ಅಲೆಯುತ್ತಿರಬಹುದು. ಅದನ್ನು ಹಿಂದಕ್ಕೆ ತರುವುದು ನನ್ನ ಕೈಯಲ್ಲಿಲ್ಲ. ನಿಮ್ಮಲ್ಲಿ ಯಾರ ಫೋನಿಗಾದರೂ ಅದು ಬಂದರೆ, ಮುಂದಕ್ಕೆ ಕಳುಹಿಸದಿರಿ. ನಿಮ್ಮ ಮೇಷ್ಟ್ರ ಕೋರಿಕೆ ಇಷ್ಟೇ.

ಈ ಶನಿವಾರವೂ ಎಂದಿನಂತೆ ಒಂಬತ್ತೂವರೆಗೆ ಸೇರುತ್ತಿದ್ದೇವೆ. ನಾಗರಹಾವೊಂದು ಪೊಲೀಸರಿಗೆ ಸಾಕ್ಷಿ ಹೇಳುವ ಚಿತ್ರವಂತೆ. ಬರುವವರು ಬನ್ನಿ, ಎಣಿಸಲು ನಾನಿದ್ದೇನೆ.