ಕ್ಷಮೆ ಮತ್ತು ಹಕ್ಕುಪತ್ರ
ಮೂಲನಿವಾಸಿಗಳಿಗೆ ಹಿಂದೆ ಆದ ಅನ್ಯಾಯಕ್ಕೆ ಈಗಿನ ಸರ್ಕಾರ ಕ್ಷಮೆ ಕೇಳಬೇಕೇ ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾ ಮತ್ತು ಕೆನಡಾದ ಪ್ರಧಾನಿಗಳು 2008ರಲ್ಲಿ ಸಂಸತ್ತಿನಲ್ಲೇ ಕ್ಷಮೆ ಕೇಳಿ ಉತ್ತರ ಕೊಟ್ಟರು. ಅಮೆರಿಕ 2009ರಲ್ಲಿ ತನ್ನ ಕ್ಷಮೆಯನ್ನು ರಕ್ಷಣಾ ವೆಚ್ಚದ ಮಸೂದೆಯೊಳಗೆ ತುರುಕಿತು. ಕೇಳಬೇಕಾದವರ ಕಿವಿಗೇ ಅದು ಬೀಳಲಿಲ್ಲ. ಭಾರತದ ದಾರಿ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆ ಕಾಡಿನ ಜನರಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಒಪ್ಪುತ್ತದೆ, ಕ್ಷಮೆ ಮಾತ್ರ ಕೇಳುವುದಿಲ್ಲ. ಆ ಒಪ್ಪಿಗೆಯ ತೂಕ ತಿಳಿಯುವುದು ನಾಗರಹೊಳೆಯಲ್ಲಿ. ಅಲ್ಲಿನ ಕಾಡಿನ ಜೇನುಕುರುಬ, ಬೆಟ್ಟಕುರುಬ, ಯರವರನ್ನು ವನ್ಯಜೀವಿ ರಕ್ಷಣೆಯ ಹೆಸರಿನಲ್ಲಿ 1970ರ ದಶಕದಿಂದ ಅವರ ಕಾಡಿನೂರಾದ ಹಾಡಿ ಬಿಡಿಸಿ, ಹಲವರನ್ನು ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಿಗೆ ತಳ್ಳಲಾಯಿತು. ಹೈಕೋರ್ಟ್ ನೇಮಿಸಿದ ಮುಝಫರ್ ಅಸ್ಸಾದಿ ಸಮಿತಿ 3,418 ಕುಟುಂಬಗಳ ಪುನರ್ವಸತಿ ಆಗಬೇಕೆಂದು 2014ರಲ್ಲಿ ವರದಿ ಕೊಟ್ಟಿತು. ಕಾಯ್ದೆಯ ಪ್ರಕಾರ ಹಕ್ಕಿನ ಅರ್ಜಿ ಇತ್ಯರ್ಥವಾಗುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ; ಆದರೆ ಆಗಲೇ ಹೊರಬಿದ್ದವರು ಗ್ರಾಮಸಭೆ, ಉಪವಿಭಾಗ, ಜಿಲ್ಲಾ ಸಮಿತಿಗಳ ಮೆಟ್ಟಿಲು ಹತ್ತಿ ತಮ್ಮ ಹಾಡಿ ಇತ್ತೆಂದೇ ರುಜುವಾತು ಮಾಡಬೇಕು. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ ಜೇನುಕುರುಬ ಕುಟುಂಬಗಳು ಹಕ್ಕುಪತ್ರಕ್ಕಾಗಿ ಕಾದು ಕೂರದೆ ಹಳೆಯ ಜಾಗಕ್ಕೆ ಮರಳಿ ಗುಡಿಸಲು ಹಾಕಿದಾಗ ಎದುರಾದದ್ದು ಅರಣ್ಯ ಇಲಾಖೆಯೇ. ಕ್ಷಮೆಯಿಂದ ಭೂಮಿ ಬಾರದು, ನಿಜ. ಆದರೂ ತಪ್ಪು ತನ್ನದೆಂದು ಸರ್ಕಾರ ವಿಧಾನಸಭೆಯಲ್ಲಿ ಒಮ್ಮೆ ಹೇಳಿದರೆ, ರುಜುವಾತಿನ ಹೊರೆ ಹಾಡಿಯವರಿಂದ ಇಲಾಖೆಯ ಹೆಗಲಿಗೆ ದಾಟಲು ಅದೊಂದು ಆಧಾರವಾದೀತು.