ಎಣ್ಣಿ ಹೊಡಿಯೋ ಆಳಿಗೆ ಪಿಂಚಣಿ ಕೊಡೋರು ಯಾರ್ರೀ?

ನಾವು ಕಬ್ಬಿನ ಕಸಕ್ಕ ಹೊಡಿಯೋ 2,4-ಡಿ ಯುದ್ಧಕ್ಕೂ ಹೋಗಿ ಬಂದ ಎಣ್ಣಿ. ಅಮೆರಿಕದ ಸೈನ್ಯ ವಿಯೆಟ್ನಾಂ ಕಾಡಿನ ಮ್ಯಾಲ ವಿಮಾನದಿಂದ ಸುರಿದ ಏಜೆಂಟ್ ಆರೆಂಜ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಇದೇ ಇತ್ತು, ಇನ್ನರ್ಧ 2,4,5-ಟಿ. ಡಯಾಕ್ಸಿನ್ ಅನ್ನೋ ಘೋರ ವಿಷ ಸೇರಿಕೊಂಡಿದ್ದು ಆ ಇನ್ನರ್ಧದಾಗ. ಹಂಗಾಗಿ ಅದೂ ನಮ್ಮ ಡಬ್ಬಿನೂ ಒಂದೇ ಅಂತ ಹೆದರಿಸೋರ ಮಾತು ಕೇಳಬ್ಯಾಡ್ರಿ. ನಾ ಹೇಳೋದು ಬ್ಯಾರೆ.

ಆ ಸೈನಿಕರಿಗೆ 1991ರಲ್ಲಿ ಒಂದು ಕಾನೂನು ಬಂತು. ವಿಯೆಟ್ನಾಂನಲ್ಲಿ ಸೇವೆ ಮಾಡಿದವನಿಗೆ ಪಟ್ಟಿಯಲ್ಲಿರುವ ರೋಗ ಬಂದರೆ, ಅದು ಆ ಎಣ್ಣೆಯಿಂದಲೇ ಅಂತ ಸರ್ಕಾರ ಒಪ್ಪಿಕೊಳ್ಳಬೇಕು. ಯಾವ ದಿನ, ಯಾವ ವಿಮಾನ ಅಂತ ಅವನು ಸಾಬೀತು ಮಾಡಬೇಕಿಲ್ಲ. 2022ರಲ್ಲಿ ಆ ಪಟ್ಟಿಗೆ ರಕ್ತದೊತ್ತಡವೂ ಸೇರಿತು. ವಿಯೆಟ್ನಾಮಿನ ಜನ ಕಂಪನಿಗಳ ಮ್ಯಾಲ ಹಾಕಿದ ದಾವೆಯನ್ನ ಮಾತ್ರ 2005ರಲ್ಲಿ ಅಮೆರಿಕದ ಕೋರ್ಟು ವಜಾ ಮಾಡಿತು, ಅದೂ ನೆನಪಿರಲಿ.

ನಮ್ಮ ಸೈನ್ಯದಾಗೂ ಇಂಥದ್ದೇ ನ್ಯಾಯ ಐತಿ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟ: ಭರ್ತಿ ಆಗುವಾಗ ರೋಗದ ದಾಖಲೆ ಇಲ್ಲ, ಆಮೇಲೆ ರೋಗದ ಕಾರಣಕ್ಕ ಹೊರಗ ಕಳಿಸಿದರು ಅಂದ್ರ ಅದು ಸೇವೆಯಿಂದ ಬಂದದ್ದು ಅಂತಲೇ ತಿಳೀಬೇಕು. ಅಲ್ಲ ಅನ್ನೋದಾದ್ರ ಪುರಾವೆ ಕೊಡೋದು ಇಲಾಖೆ ಕೆಲಸ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಸೇರಿದ ಮಂದಿ ಖಾನಾಪುರದ ಕಡೆ ಕಮ್ಮಿ ಇಲ್ಲ. ಅವರ ಮನ್ಯಾಗ ಈ ತೀರ್ಪು ಗೊತ್ತಿರಬೇಕು.

ಆದ್ರ ಬೆನ್ನಿಗೆ ಪಂಪು ಕಟ್ಟಿಕೊಂಡು ಊರೂರು ತಿರುಗೋ ಕೂಲಿಯವನಿಗೆ ಭರ್ತಿ ಪುಸ್ತಕ ಎಲ್ಲಿಂದ ಬರಬೇಕು? ಡಾಕ್ಟರು ಯಾವ ಔಷಧಿ ಅಂತ ಕೇಳಿದ್ರ "ಕಸದ ಎಣ್ಣಿರೀ" ಅಂತಾನ. ಬಿಲ್ಲು ಮಾಲಕನ ಹೆಸರಲ್ಲಿ, ಡಬ್ಬಿ ಗುಜರಿಗೆ.

ಕಾಸರಗೋಡಿನಲ್ಲಿ ಗೇರುತೋಟಕ್ಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಡೆಸಿದ್ದು ಸರ್ಕಾರಿ ಪ್ಲಾಂಟೇಶನ್ ನಿಗಮ. ಹೊಡೆದವರು ಯಾರು ಅನ್ನೋದು ಊರಿಗೇ ಗೊತ್ತಿತ್ತು. ಹಂಗಿದ್ದೂ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡ್ರಿ ಅಂತ ಸುಪ್ರೀಂ ಕೋರ್ಟ್ ಕೇರಳಕ್ಕ ಹೇಳಬೇಕಾಗಿ ಬಂದದ್ದು 2017ರಲ್ಲಿ, ಸಿಂಪಡಣೆ ನಿಂತು ಹದಿನೈದು ವರ್ಷದ ಮ್ಯಾಲ. ನಮ್ಮಲ್ಲಿ ಸಾವಿರ ಹೊಲ, ಸಾವಿರ ಪಂಪು. ಯಾರನ್ನ ಹಿಡೀತೀರಿ?

ಅದಕ್ಕ ಪ್ರತಿ ಡಬ್ಬಿ ಮ್ಯಾಲ ಸಣ್ಣ ಸೆಸ್ ಹಾಕಿ ಒಂದು ನಿಧಿ ಮಾಡಲಿ ಅಂತೀನಿ. ಇಂತಿಷ್ಟು ವರ್ಷ ಪಂಪು ಹೊತ್ತವನಿಗೆ ತಜ್ಞರ ಪಟ್ಟಿಯ ರೋಗ ಬಂದ್ರ, ಸೈನಿಕನ ಲೆಕ್ಕದಾಗ ಅವನಿಗೂ ಕೊಡಲಿ.

ಅಲ್ಲಿವರೆಗೆ ತಾರೀಖು, ಔಷಧಿ ಹೆಸರು, ಬ್ಯಾಚ್ ನಂಬರು, ಹೊಡೆದವನ ಹೆಸರು ಒಂದು ನೋಟಬುಕ್ಕಿನ್ಯಾಗ ಬರೀರಿ. ನಾಳೆ ನಮ್ಮ ಕೊರಳಿಗೇ ಬಂದೀತು ಅಂತ ಕೆಲವು ಮಾಲಕರು ಅಂಜತಾರ. ಬರಲಿ ಬಿಡ್ರಿ, ಹೊಲ ನಮ್ಮದಲ್ಲೇನು? ಬರೆದ ಹಾಳಿದೊಂದು ಫೋಟೊ ಹೊಡೆದವನ ಮೊಬೈಲಿಗೆ ಅವತ್ತೇ ಕಳಿಸ್ರಿ.